ಒಬ್ಬಳಿಗೆ ಸಾಲುವ ಚೀಲ

ಪುಟ್ಟಿಗೆ ಐವತ್ತನಾಲ್ಕು ತುಂಬಿತ್ತು. ಆ ಹೆಸರಿನಿಂದ ಕರೆಯುವವಳು ಅಕ್ಕ ಒಬ್ಬಳೇ. ಮಿಕ್ಕವರ ಬಾಯಲ್ಲಿ ಅವಳು ‘ಹಲ್ಲಿನ ಮೇಡಂ’. ದಂತವೈದ್ಯರ ಚಿಕಿತ್ಸಾಲಯದ ಹಿಂಬದಿಯಲ್ಲಿ, ಕಿಟಕಿ ತೆರೆದರೆ ಪಕ್ಕದ ಕಟ್ಟಡದ ನೀರಿನ ಕೊಳವೆಗಳಷ್ಟೇ ಕಾಣುವ ಉದ್ದನೆಯ ಕೋಣೆಯಲ್ಲಿ ಕೂತು ಅವಳು ಕಟ್ಟುಹಲ್ಲು ಮಾಡುತ್ತಿದ್ದಳು. ಜನರನ್ನು ನೋಡುವುದು ವೈದ್ಯರ ಕೆಲಸ. ಅವಳ ಮೇಜಿಗೆ ಬರುತ್ತಿದ್ದುದು ಅವರ ದವಡೆಗಳ ಪ್ಲಾಸ್ಟರ್ ಅಚ್ಚುಗಳು ಮಾತ್ರ. ಅವುಗಳ ಮೇಲೆ ಗುಲಾಬಿ ಬಣ್ಣದ ಮೇಣ ಒತ್ತಿ, ಹಲ್ಲುಗಳನ್ನು ಒಂದೊಂದಾಗಿ ನಿಲ್ಲಿಸಿ, ಉಜ್ಜಿ, ನಯಮಾಡಿ ಕಳುಹಿಸಿದರೆ ಮುಗಿಯಿತು. ಬೀದಿಯಲ್ಲಿ ಅಪರಿಚಿತರು ಯಾರಾದರೂ ಬಾಯಿ ತುಂಬ ನಕ್ಕಾಗ ಅವಳಿಗೆ ಫಕ್ಕನೆ ಗುರುತು ಹತ್ತುವುದಿತ್ತು: ಇದು ನಮ್ಮ ಕೋಣೆಯಿಂದ ಹೋದದ್ದು. ನಕ್ಕವರಿಗೆ ಅವಳು ಯಾರೆಂದು ತಿಳಿದಿರುತ್ತಿರಲಿಲ್ಲ. ಅದರಿಂದ ಅವಳಿಗೆ ಬೇಸರವೇನೂ ಇರಲಿಲ್ಲ. ಏಕೆಂದರೆ ಅವಳಿಗೆ ಭಾನುವಾರ ಇತ್ತು.

ಭಾನುವಾರವೆಂದರೆ ಊರ ಹೊರಗಿನ ದೊಡ್ಡ ಕೆರೆ. ದಡದ ತಗಡಿನ ಷೆಡ್ಡಿನೊಳಗೆ ಅಡ್ಡಕಂಬಿಗಳ ಮೇಲೆ ಬೋರಲು ಮಲಗಿಸಿದ ಹತ್ತಾರು ದೋಣಿಗಳ ನಡುವೆ ಅಕ್ಕತಂಗಿಯರದೂ ಒಂದು: ಎರಡು ತುದಿಯೂ ಚೂಪಾದ, ನಡು ಮಾತ್ರ ಒಂದಿಷ್ಟು ಅಗಲವಾದ, ಇಬ್ಬರೇ ಕೂರಬಹುದಾದ ಹಗುರ ದೋಣಿ. ಮುಂದಿನ ಸೀಟಿನಲ್ಲಿ ಅಕ್ಕ, ಹಿಂದಿನದರಲ್ಲಿ ಪುಟ್ಟಿ. ಇಬ್ಬರ ನಡುವೆ, ಅಕ್ಕನ ಕೈಗೆ ಎಟಕುವ ಹಾಗೆ, ಗಾಳದ ಸಾಮಾನಿನ ದೊಡ್ಡ ಪೆಟ್ಟಿಗೆ. ಪುಟ್ಟಿ ಹುಟ್ಟು ಹಾಕಿ ದೋಣಿಯನ್ನು ಜೊಂಡಿನ ಅಂಚಿಗೆ ತಂದು ನಿಲ್ಲಿಸಿ ಏನು ಬೇಕೆಂದು ಹೇಳುವಳು. ಅಕ್ಕ ಕತ್ತು ಹೊರಳಿಸದೆ, ಪೆಟ್ಟಿಗೆಯಲ್ಲಿ ತಡಕಾಡಿ, ಭುಜದ ಮೇಲಿಂದ ಹಿಂದಕ್ಕೆ ಚಾಚುವಳು. ಸೀಸದ ಗುಂಡು, ದಾರಕ್ಕೆ ಕಟ್ಟುವ ತೇಲು ಬೆಂಡು, ಆಮಿಷಕ್ಕೆಂದು ಕೊಕ್ಕೆ ಸಿಕ್ಕಿಸಿದ ಪ್ಲಾಸ್ಟಿಕ್ ಮೀನು, ಇಕ್ಕಳ, ಕೆಲವೊಮ್ಮೆ ಸುಲಿದ ಕಿತ್ತಳೆಯ ತೊಳೆ. ಇಪ್ಪತ್ತು ವರ್ಷ ಹೀಗೆ ನಡೆದಿತ್ತು. ಅಕ್ಕನ ಮುಖಕ್ಕಿಂತ ಅವಳ ಬೆನ್ನನ್ನೇ ಪುಟ್ಟಿ ಹೆಚ್ಚು ನೋಡಿದ್ದಳೆಂದರೆ ತಪ್ಪಿಲ್ಲ. ಎದುರಾಬದುರು ಕೂತು ಆಡಲಾಗದ ಮಾತುಗಳೆಲ್ಲ ಅವರ ನಡುವೆ ನಡೆದದ್ದು ಆ ದೋಣಿಯಲ್ಲೇ. ಹಿಂದಿನ ವರ್ಷ ಅಕ್ಕ ಆ ಸುದ್ದಿ ಹೇಳಿದ್ದೂ ಹಾಗೆಯೇ, ನೀರನ್ನು ನೋಡುತ್ತ.

“ಪುಟ್ಟೀ, ನಾನು ಮದುವೆ ಆಗೋಣ ಅಂತಿದೀನಿ ಕಣೇ.”

“ಯಾವಾಗ?” ಎಂದಿದ್ದಳು ಪುಟ್ಟಿ. ಯಾರನ್ನು ಎಂದು ಕೇಳಬೇಕಿತ್ತು ಎಂಬುದು ಅವಳಿಗೆ ಹೊಳೆದದ್ದು ದಡಕ್ಕೆ ಬಂದ ಮೇಲೆ.

ಅಕ್ಕನಿಗೆ ಆಗ ಐವತ್ತೊಂಬತ್ತು. ಆಸ್ಪತ್ರೆಯ ಬಟ್ಟೆ ವಿಭಾಗದಲ್ಲಿ ಹಾಸಿಗೆಯ ಹೊದಿಕೆಗಳನ್ನು ಎಣಿಸಿ ಮಡಚಿಸುವ ಮೇಲ್ವಿಚಾರಕಿ. ಅಲ್ಲಿಯ ಲಿಫ್ಟು ಆಗಾಗ ಕೆಡುತ್ತಿತ್ತು. ಅದನ್ನು ಸರಿಮಾಡಲು ಬರುತ್ತಿದ್ದ ಮೆಕ್ಯಾನಿಕ್ ವಿಧುರ. ಅಕ್ಕ ಎರಡು ಮಹಡಿಯ ನಡುವೆ ಸಿಕ್ಕಿಕೊಂಡಿದ್ದಾಗ ಬಾಗಿಲ ಸಂದಿನಿಂದ ಜೋಕು ಹೇಳಿ ಅವಳನ್ನು ನಗಿಸಿದವನು. ಮದುವೆಯಾಗಿ ಅಕ್ಕ ಊರಿನ ಆಚೆ ತುದಿಗೆ ಹೋದಳು. ಇಸ್ತ್ರಿ ಅಂಗಡಿಯ ಮೇಲಿನ ಎರಡು ಕೋಣೆಯ ಮನೆಯಲ್ಲಿ ಪುಟ್ಟಿ ಉಳಿದಳು. ಭಾವ ಬಲು ಒಳ್ಳೆಯವನು. ದೂರಲು ಒಂದು ಕಾರಣವನ್ನೂ ಕೊಡದಷ್ಟು ಒಳ್ಳೆಯವನು. ಆದರೆ ಅವನಿಗೆ ನೀರೆಂದರೆ ಆಗದು, ಅಕ್ಕ ನೀರಿಗಿಳಿದರೆ ಅವನಿಗೆ ಮನೆಯಲ್ಲಿ ಕೂತೇ ತಲೆ ತಿರುಗುವುದು. “ಮುಂದಿನ ವಾರ ಖಂಡಿತ ಬರ್ತೀನಿ” ಎಂದು ಅಕ್ಕ ಪ್ರತಿ ಶನಿವಾರ ಫೋನಿನಲ್ಲಿ ಹೇಳುವಳು. ಹಾಗೆ ಹೇಳುತ್ತ ಹೇಳುತ್ತ ವರ್ಷ ಉರುಳಿತ್ತು. ದೋಣಿಯ ಮೇಲೆ ಧೂಳು ಕೂತಿತ್ತು.

ಒಂದು ಭಾನುವಾರ ಮಧ್ಯಾಹ್ನ ಅಕ್ಕನ ಮನೆಯಲ್ಲಿ ಊಟವಾದ ಮೇಲೆ ಭಾವ ಮಾತು ತೆಗೆದ.

“ನಮ್ಮ ಬೀದಿ ಬೇಕರಿಯ ಗಂಡ ಹೆಂಡ್ತಿ ನಿಮ್ಮ ದೋಣಿ ಕೇಳ್ತಿದಾರೆ. ಪಾಪ, ಹೊಸದಾಗಿ ದೋಣಿ ಹುಚ್ಚು ಹಿಡ್ಸ್ಕೊಂಡಿದಾರೆ. ಈ ತಿಂಗಳು ಮುಗಿಯೋದ್ರೊಳಗೆ ಹೂಂ ಅನ್ನಿ, ಇಲ್ಲಾ ಊಹೂಂ ಅನ್ನಿ ಅಂದ್ರು. ಹೇಗೂ ಸುಮ್ನೆ ಬಿದ್ದಿದೆಯಲ್ಲ?”

“ನೀವೂ ಒಂದ್ಸಲ ಕೂತು ನೋಡ್ಬಾರ್ದಾ ಭಾವ?” ಎಂದಳು ಪುಟ್ಟಿ.

“ಬೇಡಮ್ಮ ತಾಯಿ. ನಾನು ಜೀವಮಾನವೆಲ್ಲ ಜನರನ್ನ ಮೇಲೆ ಕೆಳಗೆ ಕಳಿಸ್ದೋನು. ಅಡ್ಡಡ್ಡ ಅಲ್ಲಾಡೋದು ನಮ್ಮ ಇಲಾಖೆಗೆ ಸೇರಲ್ಲ.”

ಅಕ್ಕ ನಗಲಿಲ್ಲ. ಮೇಜುಬಟ್ಟೆಯ ಅಂಚನ್ನು ಮಡಚಿ, ಬಿಡಿಸಿ, ಮತ್ತೆ ಮಡಚುತ್ತಿದ್ದಳು. ಅವಳು ‘ಮಾರೋದು ಬೇಡ, ನಾನು ಬರ್ತೀನಿ’ ಎನ್ನುವಳೆಂದು ಪುಟ್ಟಿ ಕಾದಳು. ‘ಮಾರಿಬಿಡೋಣ’ ಎಂದಿದ್ದರೂ ಆಗುತ್ತಿತ್ತು. ಅಕ್ಕ ಎರಡನ್ನೂ ಹೇಳಲಿಲ್ಲ. ಆಗ ಪುಟ್ಟಿಯ ಬಾಯಿಂದ, ಅವಳ ಒಪ್ಪಿಗೆ ಕೇಳದೆಯೇ, ಮಾತು ಹೊರಬಿತ್ತು.

“ನಾನೊಬ್ಬಳೇ ಹೋಗ್ತೀನಿ.”

ಭಾವ ಹುಬ್ಬೇರಿಸಿ ಅಕ್ಕನನ್ನು ನೋಡಿದ. “ಸರಿಯಮ್ಮ. ಹೋಗಿ ಬಾ, ಆಮೇಲೆ ಅವರಿಗೆ ಹೇಳೋಣ” ಎಂದ. ಒಬ್ಬಳೇ ಹೋಗಲಾಗದಿದ್ದರೆ ದೋಣಿ ಕೈಬಿಟ್ಟು ಹೋಗುತ್ತದೆ. ಹೋಗಿಬಿಟ್ಟರೆ, ಅಕ್ಕ ಇನ್ನು ಬರುವುದಿಲ್ಲವೆಂದು ತಾನೇ ಸಾರಿದ ಹಾಗೆ. ಬಸ್ಸಿನಲ್ಲಿ ಮರಳುವಾಗ ಪುಟ್ಟಿಗೆ ಎರಡೂ ಒಂದೇ ತೂಕದವಾಗಿ ಕಂಡವು.

ಮರುದಿನ ಸಂಜೆ ಗಾಳದ ಪೆಟ್ಟಿಗೆ ಹೊತ್ತು ಷೆಡ್ಡಿಗೆ ಹೋದಳು. ಷೆಡ್ಡು ಕಾಯುವವನು ಗಿಡ್ಡನೆಯ, ಸದಾ ಅರ್ಧ ಬೀಡಿಯನ್ನು ಕಿವಿಯ ಮೇಲೆ ಸಿಕ್ಕಿಸಿಕೊಂಡಿರುವ ಆಸಾಮಿ. ದೋಣಿ ಇಳಿಸಿ ನೀರಿನಂಚಿಗೆ ತಂದು, ಅವಳು ಅಭ್ಯಾಸಬಲದಿಂದ ಹಿಂದಿನ ಸೀಟಿಗೆ ಕಾಲಿಡುವುದನ್ನು ಕಂಡು ಕೈ ಅಡ್ಡ ಹಿಡಿದ.

“ಅಲ್ಲಿ ಕೂತ್ರೆ ಮೂತಿ ಆಕಾಶ ನೋಡುತ್ತೆ ಮೇಡಂ. ಚೂರು ಗಾಳಿ ಬಂದ್ರೆ ತಿರುಗಾಡಿಸಿಬಿಡುತ್ತೆ. ಒಬ್ಬರೇ ಹೋಗೋದಾದ್ರೆ ಅಕ್ಕನ ಸೀಟಲ್ಲಿ ಕೂತ್ಕೊಳ್ಳಿ. ಆದ್ರೆ ಈ ಹಿಂದಿನ ಸೀಟಿನ ಕಡೆಗೆ ಮುಖ ಮಾಡಿ.”

“ಅಂದ್ರೆ ಉಲ್ಟಾ?”

“ದೋಣಿಗೆ ಯಾವ್ದು ಉಲ್ಟಾ, ಯಾವ್ದು ಸೀದಾ? ಎರಡೂ ಕಡೆ ಮೂತಿನೇ. ಹಾಗೆ ಕೂತ್ರೆ ನಡುವಿಗೆ ಹತ್ತಿರ ಆಗ್ತೀರಿ. ಆ ಪೆಟ್ಟಿಗೆನ ತಗೊಂಡ್ಹೋಗಿ ಆ ತುದೀಲಿಡಿ. ಅಕ್ಕನ ಬದ್ಲಿಗೆ ಅದೇ ಕೂತಿರ್ಲಿ ಅತ್ಲಾಗೆ.”

ಹೇಳಿದ್ದು ನಿಜವೇ ಆಗಿತ್ತು. ಅಕ್ಕನ ಸೀಟಿನಲ್ಲಿ, ಅಕ್ಕ ಎಂದೂ ನೋಡದ ದಿಕ್ಕಿಗೆ ಮುಖ ಮಾಡಿ ಕೂತು, ಪೆಟ್ಟಿಗೆಯನ್ನು ಎದುರು ತುದಿಗೆ ತಳ್ಳಿದಾಗ ದೋಣಿ ನೀರಿನ ಮೇಲೆ ಸಮನಾಗಿ ನಿಂತಿತು. ಪೇಚು ಬಂದದ್ದು ಅನಂತರ. ಗಾಳವೆಲ್ಲ ಪೆಟ್ಟಿಗೆಯಲ್ಲಿ, ಪೆಟ್ಟಿಗೆ ಒಂದಾಳುದ್ದ ದೂರದಲ್ಲಿ. ಅದನ್ನು ಹತ್ತಿರಕ್ಕೆ ಎಳೆದುಕೊಂಡರೆ ಮೂತಿ ಮೇಲೇಳುತ್ತದೆ. ತಾನೇ ಎದ್ದು ಅದರ ಬಳಿ ಹೋಗುವುದೆಂದರೆ ಕೆರೆಗೆ ಬಿದ್ದ ಹಾಗೆಯೇ. ಪುಟ್ಟಿ ಪೆಟ್ಟಿಗೆಯನ್ನು ನೋಡಿದಳು. ಪೆಟ್ಟಿಗೆ ಅವಳನ್ನು ನೋಡಿತು. ಕೈ ಚಾಚಿ ಕೊಡುವವರು ಯಾರೂ ಇರಲಿಲ್ಲ.

“ಸೊಂಟಕ್ಕೊಂದು ಚೀಲ ಕಟ್ಕೊಂಡ್ರೆ ಆಯ್ತು” ಎಂದ ಷೆಡ್ಡಿನವನು, ಹಗ್ಗ ಕಟ್ಟುತ್ತ. “ಒಂಟಿ ಹೋಗೋರೆಲ್ಲ ಹಾಗೇ ಮಾಡೋದು.”

ಒಂಟಿ ಹೋಗೋರು ಎಂಬ ಪಂಗಡಕ್ಕೆ ತನ್ನನ್ನು ಸೇರಿಸಿದ್ದು ಇಷ್ಟು ಹಗುರಾಗಿ ನಡೆದುಹೋಯಿತಲ್ಲ ಎಂದು ಪುಟ್ಟಿಗೆ ಅನ್ನಿಸಿತು.

ಮೀನುಗಾರಿಕೆಯ ಸಾಮಾನಿನ ಅಂಗಡಿ ಪೇಟೆಯ ಒಂದು ಅಡ್ಡರಸ್ತೆಯಲ್ಲಿ, ಬೀಗದ ಅಂಗಡಿಗೂ ಹೊಲಿಗೆಯಂತ್ರದ ಅಂಗಡಿಗೂ ನಡುವೆ ಇತ್ತು. ಅಂಗಡಿಯಾತ ದಪ್ಪ ಮೀಸೆಯ, ತನ್ನ ಸರಕನ್ನು ತಾನೇ ಮೆಚ್ಚಿಕೊಳ್ಳುವ ಮನುಷ್ಯ. ಗೋಡೆಯ ಮೊಳೆಗಳಿಂದ ಚೀಲಗಳನ್ನು ಇಳಿಸಿ ಗಾಜಿನ ಮೇಲೆ ಹರಡಿದ. ಒಂದರ ಬಟ್ಟೆ ನೀರಿಗೆ ಜಗ್ಗದು, ಆದರೆ ಜಿಪ್ಪು ತುಕ್ಕು ಹಿಡಿಯುವ ಕಬ್ಬಿಣದ್ದು. ಇನ್ನೊಂದರ ಜಿಪ್ಪು ಪ್ಲಾಸ್ಟಿಕ್ಕಿನದು, ಆದರೆ ಪಟ್ಟಿ ತೆಳುವಾಗಿ ಸೊಂಟ ಕೊಯ್ಯುವಂಥದು. ಪುಟ್ಟಿಯ ಬೆರಳುಗಳು ಪ್ರತಿಯೊಂದು ಹೊಲಿಗೆಯ ಮೇಲೂ ಓಡಾಡಿದವು. ಕೊನೆಗೆ ಅವಳು ಎತ್ತಿಕೊಂಡದ್ದು ಎಲ್ಲಕ್ಕಿಂತ ದೊಡ್ಡದನ್ನು.

“ಭೇಷ್! ಹನ್ನೆರಡು ಖಾನೆ ಇದೆ ಇದ್ರಲ್ಲಿ. ಇಡೀ ಸಂಸಾರಾನೇ ತುಂಬಬಹುದು.”

“ಸಂಸಾರ ಇಲ್ಲ ನನಗೆ.”

“ಹಾಗಾದ್ರೆ ಇನ್ನೂ ಒಳ್ಳೇದಾಯ್ತು, ಜಾಗ ಉಳಿಯುತ್ತೆ” ಎಂದ ಆತ, ಕಿಂಚಿತ್ತೂ ಅಳುಕದೆ.

ಅಂಗಡಿಯ ನಿಲುವುಗನ್ನಡಿಯ ಮುಂದೆ ನಿಂತು ಚೀಲ ಕಟ್ಟಿ ನೋಡಿದಳು. ಸೊಂಟಕ್ಕೆ ಹೇಳಿ ಮಾಡಿಸಿದ ಹಾಗಿತ್ತು. ಮನೆಗೆ ಬಂದು ಪೆಟ್ಟಿಗೆಯಲ್ಲಿದ್ದುದನ್ನೆಲ್ಲ ಅದಕ್ಕೆ ವರ್ಗಾಯಿಸಿದಳು: ತನ್ನ ಗಾಳಗಳು, ಅಕ್ಕನ ಗಾಳಗಳು, ಅಕ್ಕ ಮಾತ್ರ ನಂಬುತ್ತಿದ್ದ ಕೆಂಪು ಕಣ್ಣಿನ ಪ್ಲಾಸ್ಟಿಕ್ ಮೀನುಗಳು, ಅಕ್ಕನ ಕೈಗೆ ಹಿಡಿಸುವ ಸಣ್ಣ ಕತ್ತರಿ. ಜಿಪ್ಪು ಹಾಕಿದಾಗ ಚೀಲ ಬಸುರಿಯ ಹಾಗೆ ಮುಂದಕ್ಕೆ ಬಂದಿತ್ತು.

ಭಾನುವಾರ ಕೆರೆಗೆ ಇಳಿದು ನಾಲ್ಕು ಬಾರಿ ಹುಟ್ಟು ಹಾಕುವಷ್ಟರಲ್ಲಿ ಚೀಲದ ಬಣ್ಣ ಬಯಲಾಯಿತು. ನಿಂತಾಗ ಸೊಂಟಕ್ಕೆ ಒಪ್ಪಿದ್ದ ಅದು ಕೂತಾಗ ತೊಡೆಯ ಮೇಲೇರಿ ಹೊಟ್ಟೆಗೆ ಒತ್ತತೊಡಗಿತು. ಮೇಲೆ ತೊಟ್ಟ ಲೈಫ್ ಜಾಕೆಟ್ಟಿನ ಅಂಚು ಚೀಲದ ಮೇಲೆ ಕೂತು, ಜಾಕೆಟ್ಟು ಗಲ್ಲದವರೆಗೆ ಎದ್ದು ನಿಂತಿತು. ಕತ್ತು ತಿರುಗಿಸಲಾಗದೆ ಅವಳು ಆಮೆಯಂತೆ ಇಣುಕಿ ಇಣುಕಿ ದಾರಿ ನೋಡಬೇಕಾಯಿತು. ಜೊಂಡಿನ ಬಳಿ ನಿಂತು ಜಿಪ್ಪು ಎಳೆದರೆ, ಮುಚ್ಚಳ ಜಾಕೆಟ್ಟಿನ ಕೆಳಗೆ ಸಿಕ್ಕಿಕೊಂಡು ಅರ್ಧಕ್ಕೆ ನಿಂತಿತು. ಬಲವಂತ ಮಾಡಿದಾಗ ಖಾನೆಗಳು ಒಮ್ಮೆಲೇ ಬಾಯಿಬಿಟ್ಟು ಗಾಳಗಳೆಲ್ಲ ಮಡಿಲಿಗೆ ಸುರಿದವು. ಅವನ್ನು ಬಾಚಿಕೊಳ್ಳಲು ಬಾಗಿದಳು. ದೋಣಿ ಒಂದು ಬದಿಗೆ ವಾಲಿತು. ಕೆಂಪು ಕಣ್ಣಿನ ಮೀನೊಂದು ಮರದ ತುಂಡಿನ ಹಾಗೆ ಟಪ್ಪನೆ ನೀರಿಗೆ ಬಿದ್ದು, ಗಾಳಿ ಎಳೆದ ಕಡೆಗೆ ತೇಲಿಹೋಯಿತು. ಹಿಂದಟ್ಟುವ ಧೈರ್ಯ ಅವಳಿಗಾಗಲಿಲ್ಲ. ಎರಡೂ ಕೈಗಳಿಂದ ದೋಣಿಯ ಅಂಚು ಹಿಡಿದು, ದೋಣಿ ಅಲ್ಲಾಡುವುದು ನಿಲ್ಲುವ ತನಕ ಹಾಗೆಯೇ ಕೂತಳು.

ದಡ ಸೇರಿದಾಗ ಅವಳ ಜಾಕೆಟ್ಟಿನ ಎದೆಯ ಮೇಲೆ ಇನ್ನೊಂದು ಪ್ಲಾಸ್ಟಿಕ್ ಮೀನು ಕಚ್ಚಿಕೊಂಡು ನೇತಾಡುತ್ತಿತ್ತು.

“ಪದಕ ಕೊಟ್ಟು ಕಳಿಸಿದಾರೆ ಕೆರೆಯೋರು!” ಎಂದ ಷೆಡ್ಡಿನವನು. ಅವಳ ಮುಖ ನೋಡಿ ತಕ್ಷಣ ದನಿ ಇಳಿಸಿದ. “ಬೇಕರಿಯೋರು ಬೆಳಿಗ್ಗೆ ಬಂದಿದ್ರು ಮೇಡಂ. ಕಂಬಿ ಖಾಲಿ ನೋಡಿ, ಓಹೋ ಹೋಗಿದಾರಾ ಅಂದ್ರು.”

ಪುಟ್ಟಿಗೆ ನಾಚಿಕೆಯಾದದ್ದು ಬೇರೆಯದೇ ಕಾರಣಕ್ಕೆ. ಹೊಸ ಹಲ್ಲಿನ ಸೆಟ್ಟು ಕಳುಹಿಸುವಾಗಲೆಲ್ಲ ಅವಳು ವೈದ್ಯರಿಗೆ ತಪ್ಪದೆ ಹೇಳುತ್ತಿದ್ದ ಮಾತೊಂದಿತ್ತು: ಕನ್ನಡಿ ಕೊಟ್ಟು ಕಳಿಸಬೇಡಿ, ಕಚ್ಚೋಕೆ ಏನಾದ್ರೂ ಕೊಡಿ. ಬಾಯಿ ತೆರೆದಾಗ ಎಲ್ಲ ಹಲ್ಲೂ ಚೆಂದವೇ. ಕಚ್ಚಿದಾಗಲೇ ಯಾವುದು ಎತ್ತರ, ಯಾವುದು ಒಸಡನ್ನು ಒತ್ತುತ್ತದೆ ಎಂದು ತಿಳಿಯುವುದು. ಅಂಥವಳು ಕೂತು ಕಟ್ಟಬೇಕಾದ ಚೀಲವನ್ನು ಕನ್ನಡಿಯ ಮುಂದೆ ನಿಂತು ಆರಿಸಿದ್ದಳು. ಯಾಕೆ ಹಾಗೆ ಮಾಡಿದೆ ಎಂದು ಯೋಚಿಸುತ್ತ ಹೋದಾಗ ಉತ್ತರ ಅವಳಿಗೆ ಅಷ್ಟೇನೂ ಹಿತವಾಗಿರಲಿಲ್ಲ. ಕೂತಾಗ ಚೀಲ ಸೊಂಟಕ್ಕೆ ಒಗ್ಗುವುದೋ ಇಲ್ಲವೋ ಎಂದು ಅವಳು ನೋಡಿಯೇ ಇರಲಿಲ್ಲ. ಪೆಟ್ಟಿಗೆಯ ಸಾಮಾನು ಪೂರ್ತಿ ಹಿಡಿಯುವುದೋ ಇಲ್ಲವೋ ಎಂದಷ್ಟೇ ನೋಡಿದ್ದಳು. ಯಾವತ್ತಾದರೂ ಅಕ್ಕ ಬಂದರೆ ಅವಳ ವಸ್ತು ಅವಳಿಗೆ ಸಿಗಬೇಕು.

ಬುಧವಾರ ಕೆಲಸ ಮುಗಿಸಿ, ಲೈಫ್ ಜಾಕೆಟ್ಟನ್ನು ಕಂಕುಳಲ್ಲಿ ಇರುಕಿಕೊಂಡು ಮತ್ತೆ ಅದೇ ಅಂಗಡಿಗೆ ಹೋದಳು.

“ಏನಮ್ಮ, ಇಲ್ಲೂ ಮುಳುಗೋ ಭಯಾನಾ?” ಎಂದ ಅಂಗಡಿಯಾತ.

“ಒಂದು ಸ್ಟೂಲು ಕೊಡಿ. ಗಿಡ್ಡಂದು.”

ಸ್ಟೂಲು ಬಂತು. ಪುಟ್ಟಿ ಜಾಕೆಟ್ಟು ತೊಟ್ಟು, ಅಂಗಡಿಯ ನಟ್ಟನಡುವೆ ಮಂಡಿ ಮಡಚಿ ಕೂತು, ಒಂದೊಂದೇ ಚೀಲ ಕಟ್ಟಿ, ಗಾಳಿಯಲ್ಲಿ ಹುಟ್ಟು ಹಾಕತೊಡಗಿದಳು. ದಾರ ಕೊಳ್ಳಲು ಬಂದಿದ್ದ ಇಬ್ಬರು ಗೋಡೆಗೆ ಒತ್ತರಿಸಿ ದಾರಿ ಬಿಟ್ಟರು. ಒಂದು ಚೀಲ ಮೊಣಕೈಗೆ ಬಡಿಯಿತು. ಒಂದು ತೊಡೆಸಂದಿಗೆ ಜಾರಿತು. ಇನ್ನೊಂದರ ಬಕಲ್ಲು ಬೆನ್ನಿನ ಕಡೆ, ಕೈ ಒದ್ದೆಯಾಗಿದ್ದರೆ ಕಳಚುವುದು ಕಷ್ಟ.

“ಬೇಗ ಬೇಗ ಹುಟ್ಟು ಹಾಕಿ, ಅಂಗಡಿ ಮುಚ್ಚೋ ಹೊತ್ತಾಯ್ತು, ದಡ ಸೇರ್ಕೊಳ್ಳಿ” ಎಂದು ದಾರದವರಲ್ಲಿ ಒಬ್ಬ ಹೇಳಿದ. ಎಲ್ಲರೂ ನಕ್ಕರು. ಪುಟ್ಟಿಯೂ ನಕ್ಕಳು; ನಗುವವನ ಹಲ್ಲು ಅವನ ಸ್ವಂತದ್ದೇ ಎಂಬುದನ್ನೂ ಗಮನಿಸಿದಳು.

ಕೊನೆಗೆ ಒಪ್ಪಿದ್ದು ಗೋಡೆಯ ಮೂಲೆಯಲ್ಲಿದ್ದ, ಎರಡೇ ಖಾನೆಯ, ಅಂಗೈ ಅಗಲಕ್ಕಿಂತ ತುಸು ದೊಡ್ಡದಾದ ಬೂದು ಬಣ್ಣದ ಚೀಲ. ಹೊಟ್ಟೆಯ ಮುಂದೆ ಬಾರದೆ ಬಲ ಪಕ್ಕೆಯ ಮೇಲೆ, ಜಾಕೆಟ್ಟಿನ ಅಂಚಿಗೂ ತೊಡೆಗೂ ನಡುವೆ ಉಳಿಯುವ ಅಷ್ಟೇ ಜಾಗದಲ್ಲಿ ಅದು ಸುಮ್ಮನೆ ಕೂತಿತು. ಜಿಪ್ಪು ಒಂದೇ ಕೈಗೆ ತೆರೆಯಿತು, ಮುಚ್ಚಳ ಹೊರಗಿನ ಕಡೆಗೆ ಬಿಚ್ಚಿಕೊಂಡು ತಟ್ಟೆಯ ಹಾಗೆ ನಿಂತಿತು.

“ಅದಾ? ಅದ್ರಲ್ಲಿ ಏನಮ್ಮ ಹಿಡಿಯುತ್ತೆ? ಒಬ್ಬರಿಗೆ ಒಂದು ಹೊತ್ತಿಗೆ ಆಗೋಷ್ಟು, ಅಷ್ಟೇ.”

“ಅಷ್ಟೇ ಸಾಕು” ಎಂದಳು ಪುಟ್ಟಿ.

ಶನಿವಾರ ಸಂಜೆ ಅವಳು ಚೀಲ ತುಂಬಲು ಕೂತಿದ್ದಳು. ಒಂದು ಸಣ್ಣ ಡಬ್ಬಿಯಲ್ಲಿ ಆರು ಗಾಳ, ಒಂದಿಷ್ಟು ಸೀಸ, ಎರಡು ಬೆಂಡು, ಒಂದು ಸುತ್ತು ದಾರ, ಇಕ್ಕಳ. ಇನ್ನು ಜಾಗವಿರಲಿಲ್ಲ. ಅಕ್ಕನ ಸಾಮಾನು ಮೇಜಿನ ಆಚೆ ಬದಿಯಲ್ಲಿ ಬೇರೆಯೇ ಗುಂಪಾಗಿ ಬಿದ್ದಿತ್ತು. ಆಗ ಮೆಟ್ಟಿಲಲ್ಲಿ ಸದ್ದಾಯಿತು. ಎರಡು ಮೆಟ್ಟಿಲು ಹತ್ತಿ ಒಮ್ಮೆ ಉಸಿರು ಬಿಡುವ ನಡಿಗೆ ಊರಿಗೆಲ್ಲ ಒಬ್ಬಳದೇ. ಎತ್ತಿಡಲು ಸಮಯವಿರಲಿಲ್ಲ.

ಅಕ್ಕ ಒಳಗೆ ಬಂದು, ಚಪ್ಪಲಿ ಬಿಟ್ಟು, ಮೇಜಿನ ಮೇಲಿದ್ದುದನ್ನು ನೋಡಿದಳು. ಕುರ್ಚಿ ಎಳೆದು ಕೂತು ಚೀಲವನ್ನು ಕೈಗೆತ್ತಿಕೊಂಡಳು. ಜಿಪ್ಪು ತೆರೆದಳು, ಮುಚ್ಚಿದಳು.

“ಚೆನ್ನಾಗಿದೆ. ಗಟ್ಟಿ ಇದೆ ಹೊಲಿಗೆ.”

“ಹೂಂ.”

“ಚಿಕ್ಕದಾಯ್ತು ಅಲ್ವೇನೇ?”

“ದೊಡ್ಡದೂ ತಂದಿದ್ದೆ ಅಕ್ಕ. ಕೂತಾಗ ಸರಿಹೋಗ್ಲಿಲ್ಲ.”

ಅಕ್ಕ ತನ್ನ ಸಾಮಾನಿನ ಗುಂಪಿನಿಂದ ಕತ್ತರಿಯನ್ನು ಎತ್ತಿ, ಎರಡು ಸಲ ಗಾಳಿಯನ್ನು ಕತ್ತರಿಸಿ ಕೆಳಗಿಟ್ಟಳು. ಇಸ್ತ್ರಿ ಅಂಗಡಿಯಿಂದ ಬಿಸಿ ಬಟ್ಟೆಯ ವಾಸನೆ ಮೇಲಕ್ಕೆ ಬರುತ್ತಿತ್ತು.

“ಹೋದ ವಾರ ಹೆದರಿದೆಯಂತೆ. ಷೆಡ್ಡಿನವನು ಬೇಕರಿಯೋರ ಹತ್ರ ಹೇಳಿದ್ನಂತೆ, ಅವ್ರು ನಿಮ್ಮ ಭಾವಂಗೆ ಹೇಳಿದ್ರು.”

“ಅವನ ಬಾಯಿಗೆ ಬೀಗ ಇಲ್ಲ.”

“ನಾಳೆ ನಾನು ಬರ್ತೀನಿ ಪುಟ್ಟಿ. ಇವ್ರಿಗೆ ಹೇಳಿಯೇ ಬಂದಿದೀನಿ. ರಾತ್ರಿ ಇಲ್ಲೇ ಮಲಗ್ತೀನಿ, ಬೆಳಿಗ್ಗೆ ಒಟ್ಟಿಗೆ ಹೋಗೋಣ.”

ಒಂದು ವರ್ಷದಿಂದ ಕಾದಿದ್ದ ಮಾತು. ಪುಟ್ಟಿಯ ಒಳಗೆ ಏನೋ ಒಂದು ಸರಕ್ಕನೆ ಅದರ ಕಡೆಗೆ ವಾಲಿತು; ಅವಳು ಮೇಜಿನ ಅಂಚನ್ನು ಹಿಡಿದುಕೊಂಡಳು. ಅಕ್ಕ ಬರುತ್ತಾಳೆ. ಒಂದು ಭಾನುವಾರ ಬರುತ್ತಾಳೆ. ಆಮೇಲೆ ಮತ್ತೆ ಶನಿವಾರಗಳು, ಫೋನು, ಮುಂದಿನ ವಾರ ಖಂಡಿತ.

“ನಾಳೆ ಬೇಡ ಅಕ್ಕ.”

“ಯಾಕೆ? ಕೋಪಾನಾ?”

“ಕೋಪ ಅಲ್ಲ ಕಣಕ್ಕಾ. ನಾಳೆ ನೀನು ಬಂದ್ರೆ ಮುಂದಿನ ವಾರ ನಾನು ಹೋಗಲ್ಲ. ನಿನ್ನ ಕಾಯ್ತಾ ಕೂರ್ತೀನಿ. ನನ್ನ ಬುದ್ಧಿ ನನಗೆ ಗೊತ್ತಿಲ್ವಾ?”

ಅಕ್ಕನ ಮುಖವನ್ನು ಅಷ್ಟು ಹತ್ತಿರದಿಂದ, ಅಷ್ಟು ಹೊತ್ತು ಪುಟ್ಟಿ ನೋಡಿದ್ದು ಎಷ್ಟೋ ವರ್ಷಗಳ ಮೇಲೆ. ಕೆನ್ನೆ ಇಳಿದಿತ್ತು. ಎಡಗಡೆಯ ಮೇಲಿನ ಹಲ್ಲೊಂದು ಅಲ್ಲಾಡುತ್ತಿರಬೇಕು, ಮಾತಾಡುವಾಗ ನಾಲಿಗೆ ಅತ್ತಲೇ ಹೋಗುತ್ತಿತ್ತು.

“ಬರಬೇಕು ಅಂತ್ಲೇ ಇತ್ತು ನಂಗೆ, ಪ್ರತಿ ಸಲ” ಎಂದಳು ಅಕ್ಕ. “ಭಾನುವಾರ ಬೆಳಿಗ್ಗೆ ಎದ್ದ ಮೇಲೆ ಅವರ ಜೊತೆ ಸುಮ್ನೆ ಕೂತಿರೋಣ ಅನ್ಸುತ್ತೆ. ಅದನ್ನ ನಿಂಗೆ ಹೇಗೆ ಹೇಳ್ಲಿ?”

“ಈಗ ಹೇಳಿದ್ಯಲ್ಲ.”

“ಅಳ್ತೀಯಾ?”

“ನೀನು ಹೋದ್ಮೇಲೆ.”

ಅಕ್ಕ ನಕ್ಕುಬಿಟ್ಟಳು, ನಗುತ್ತಲೇ ಕಣ್ಣು ಒರೆಸಿಕೊಂಡಳು. ತನ್ನ ಸಾಮಾನನ್ನು ಒಂದೊಂದಾಗಿ ಪೆಟ್ಟಿಗೆಗೆ ಹಾಕಿ ಮುಚ್ಚಿದಳು. “ತೂಕಕ್ಕೆ ಬೇಕಲ್ಲ ಆ ತುದೀಲಿ, ಇರ್ಲಿ ಬಿಡು” ಎಂದಳು. ರಾತ್ರಿ ಉಳಿಯಲಿಲ್ಲ. ಕತ್ತಲಾಗುವ ಮುಂಚೆಯೇ ಬಸ್ಸಿಗೆ ಹೊರಟಳು. ಮೆಟ್ಟಿಲಿಳಿಯುವಾಗ ನಡುವೆ ನಿಂತು, “ಜಾಕೆಟ್ಟಿನ ದಾರ ಸರಿಯಾಗಿ ಬಿಗ್ಕೋ” ಎಂದು ಕೂಗಿ ಹೇಳಿದಳು.

ಬೆಳಿಗ್ಗೆ ಕೆರೆಯ ಮೇಲೆ ಬಿಳಿ ಮಂಜು ತೆಳುವಾಗಿ ಹರಡಿತ್ತು. ಪುಟ್ಟಿ ಪೆಟ್ಟಿಗೆಯನ್ನು ಎದುರು ತುದಿಗಿಟ್ಟು, ಅಕ್ಕನ ಸೀಟಿನಲ್ಲಿ ಕೂತು ಹುಟ್ಟು ಹಾಕಿದಳು. ಕಣ್ಣಿಗೆ ಅಡ್ಡವಾಗಿ ಬೆನ್ನು ಇಲ್ಲದ ಕಾರಣ ಕೆರೆ ಇದ್ದುದಕ್ಕಿಂತ ದೊಡ್ಡದಾಗಿ ಕಂಡಿತು. ಎಲ್ಲಿಂದ ನೋಡಲು ಶುರುಮಾಡಬೇಕೆಂದೇ ತಿಳಿಯದಷ್ಟು ದೊಡ್ಡದು. ಜೊಂಡಿನ ಅಂಚಿಗೆ ಬಂದು ನಿಂತಳು. ಬಲಗೈ ತಾನಾಗಿ ಪಕ್ಕೆಗೆ ಹೋಯಿತು, ಜಿಪ್ಪು ತೆರೆಯಿತು, ಬೇಕಾದ ಗಾಳ ಬೆರಳಿಗೆ ಸಿಕ್ಕಿತು. ಎಲ್ಲವೂ ಎಣಿಸಿದಂತೆಯೇ ನಡೆಯಿತು. ‘ನೋಡಿದ್ಯಾ, ಹೇಗೆ!’ ಎಂದು ಹೇಳಲು ಬಾಯಿ ತೆರೆದು, ಹಾಗೆಯೇ ಮುಚ್ಚಿಕೊಂಡಳು. ಮಂಜು ಕರಗುವ ತನಕ ಕೂತಳು. ಬೆಂಡು ಎರಡು ಬಾರಿ ಮುಳುಗಿ ಎದ್ದಿತು. ಮೂರನೆಯ ಬಾರಿ ಮುಳುಗಲೇ ಇಲ್ಲ. ಆಮೇಲೆ ಗಾಳಿ ಎದ್ದಿತು. ದೋಣಿ ಒಮ್ಮೆ ಅಡ್ಡ ತಿರುಗಿತು. ಹುಟ್ಟು ಬಿಡದೆ ಅದನ್ನು ಸೀದಾ ಮಾಡಿಕೊಂಡು ದಡಕ್ಕೆ ತಂದಳು.

ಷೆಡ್ಡಿನವನು ನೀರಿಗಿಳಿದು ಮೂತಿ ಹಿಡಿದುಕೊಂಡ.

“ಸಿಕ್ತಾ?”

“ಇಲ್ಲ.”

“ಭಯ ಆಯ್ತಾ?”

“ಆಯ್ತು.” ಅವಳು ದಡಕ್ಕೆ ಕಾಲಿಟ್ಟಳು. “ಬೇಕರಿಯೋರು ಬಂದ್ರೆ ಹೇಳ್ಬಿಡಿ, ದೋಣಿ ಕೊಡಲ್ಲ ಅಂತ.”

“ಅಕ್ಕಾವ್ರನ್ನ ಕೇಳೋದು ಬೇಡ್ವಾ?”

“ಅವಳು ಬರಲ್ಲ” ಎಂದಳು ಪುಟ್ಟಿ. ಮೊದಲ ಬಾರಿಗೆ ಆ ಮಾತನ್ನು ಅವಳು ಇನ್ನೊಬ್ಬರೆದುರು ಆಡಿದ್ದು. ಅವನು ಒಂದು ತುದಿ, ಅವಳು ಒಂದು ತುದಿ ಹಿಡಿದು ದೋಣಿಯನ್ನು ಕಂಬಿಯ ಮೇಲೆ ಬೋರಲು ಹಾಕಿದರು. ಅವನು ಬೀಡಿ ಹಚ್ಚಲು ಹೊರಗೆ ಹೋದ ಮೇಲೂ ಅವಳು ಷೆಡ್ಡಿನ ಹೊಸಿಲಲ್ಲಿ ಕೂತಿದ್ದಳು. ಮನೆಗೆ ಹೋಗಲು ಆತುರವೇನೂ ಇರಲಿಲ್ಲ. ದೋಣಿಯಿಂದ ನೀರು ತೊಟ್ಟಿಕ್ಕುತ್ತಿತ್ತು; ಅದು ಪೂರ್ತಿ ನಿಲ್ಲುವವರೆಗೂ ಕೇಳಿಸಿಕೊಂಡು, ಎದ್ದು, ಬಸ್ಸಿನ ಕಡೆಗೆ ನಡೆದಳು.